ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಹಿರೋಶಿಮಾ

ಅಬುಧಾಬಿಯ ಲಿಫ್ಟುಗಳಲ್ಲಿ ನಾವು ಕನ್ನಡಿಗರು ಬಹಳ ಧೈರ್ಯವಂತರು. ಮೈಸೂರಿನಲ್ಲಿದ್ದಾಗ ಎದುರು ಮನೆಯವರ ಬಗ್ಗೆ ಏನಾದರೂ ಹೇಳಬೇಕಾದರೆ ಅಡುಗೆಮನೆಗೆ ಹೋಗಿ ದನಿ ತಗ್ಗಿಸುತ್ತಿದ್ದ ನಾನು, ಅಲ್ ರೀಮ್ ಐಲ್ಯಾಂಡಿನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಪಕ್ಕದಲ್ಲೇ ನಿಂತವರ ನಾಯಿ, ಸೆಂಟು, ಸಂಸಾರ ಎಲ್ಲದರ ಬಗ್ಗೆಯೂ ಹೆಂಡತಿಯ ಜೊತೆ ಮಾಮೂಲಿ ದನಿಯಲ್ಲೇ ವಿಮರ್ಶೆ ಮಾಡುತ್ತೇನೆ. ಮುಖದಲ್ಲಿ ಮಾತ್ರ ಇಂದಿನ ಬಿಸಿಲಿನ ಬಗ್ಗೆ ಮಾತಾಡುವವನ ಗಾಂಭೀರ್ಯ ಇರಬೇಕು. ಇಲ್ಲಿನ ಕನ್ನಡದ ಮನೆಗಳಿಗೆಲ್ಲ ಇದು ರೂಢಿ. ಹಿಂದಿಯಲ್ಲಿ ಹಾಗೆ ಮಾತಾಡುವಂತಿಲ್ಲ, ಅರ್ಧ ಕಟ್ಟಡಕ್ಕೆ ಅದು ಬರುತ್ತದೆ. ಮಲಯಾಳವಂತೂ ಬೇಡವೇ ಬೇಡ. ಕನ್ನಡ ಸುರಕ್ಷಿತ. ಒಮ್ಮೆ ಒಬ್ಬರ ಬಕ್ಕತಲೆಯ ಬಗ್ಗೆ ನಾನು ಏನೋ ತಮಾಷೆ ಮಾಡಿದಾಗ ಅವರು ಇಳಿಯುತ್ತ "ಬರ್ತೇನೆ ಹಾಂ, ನನ್ನದು ಕಾಸರಗೋಡು" ಎಂದಿದ್ದರು. ಆಮೇಲೆ ಕೆಲವು ದಿನ ಮೆಟ್ಟಿಲಲ್ಲಿ ಓಡಾಡಿದೆ. ಮಂಡಿನೋವು ಬಂತು. ಮತ್ತೆ ಲಿಫ್ಟಿಗೂ ಕನ್ನಡಕ್ಕೂ ಮರಳಿದೆ.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಣುಬಾಂಬಿನ ವಿಷಯದಲ್ಲಿ ನಾನು ಮಾಡಿಕೊಂಡ ಎಡವಟ್ಟಿಗೆ ಇತಿಹಾಸದ ಪುಸ್ತಕಗಳಿಗಿಂತ ಲಿಫ್ಟಿನ ಈ ರೂಢಿಯೇ ಹೆಚ್ಚು ಕಾರಣ.

ದುಬೈಯಿಂದ ಇಲ್ಲಿಗೆ ಮನೆ ಬದಲಾಯಿಸಿದಾಗ ಮಗಳಿಗೆ ಹನ್ನೆರಡು ನಡೆಯುತ್ತಿತ್ತು. ಶಾಲೆ ಬದಲಾಯಿತು. ಅವಳ ಗೆಳತಿಯರೆಲ್ಲ ದುಬೈಯಲ್ಲೇ ಉಳಿದರು. ನನಗೆ ಬಡ್ತಿ ಸಿಕ್ಕಿದ್ದರಿಂದ ಬಂದದ್ದು, ಹಾಗಾಗಿ ಮನೆಯಲ್ಲಿ ಸಂತೋಷಪಡುವ ಜವಾಬ್ದಾರಿಯೂ ನನ್ನೊಬ್ಬನದೇ ಆಗಿತ್ತು. ಮಗಳು ಶಾಲೆಯಿಂದ ಬಂದವಳೇ ಕೋಣೆ ಸೇರುತ್ತಿದ್ದಳು. ಊಟದ ಡಬ್ಬಿ ಹೋದ ಹಾಗೆಯೇ ವಾಪಸು ಬರುತ್ತಿತ್ತು. "ಒಬ್ಬಳೇ ಕೂತು ತಿನ್ನೋಕೆ ಆಗಲ್ಲ" ಎಂದು ಒಮ್ಮೆ ಹೇಳಿದಳಂತೆ, ಅವಳ ಅಮ್ಮನಿಗೆ. ನನಗೆ ಹೇಳಲಿಲ್ಲ.

ಆಮೇಲೆ ನಮಗಿಂತ ಕೆಳಗಿನ ಮಹಡಿಯಲ್ಲಿದ್ದ ಜಪಾನಿ ಹುಡುಗಿಯೊಬ್ಬಳು ಶಾಲಾ ಬಸ್ಸಿನಲ್ಲಿ ಇವಳ ಪಕ್ಕ ಕೂತಳು. ಅವಳ ಅಪ್ಪ ತೈಲ ಕಂಪನಿಯೊಂದರಲ್ಲಿ ಎಂಜಿನಿಯರು, ತಿಂಗಳಲ್ಲಿ ಅರ್ಧದಷ್ಟು ದಿನ ಮದೀನತ್ ಜಾಯೆದ್ ಕಡೆಯ ಮರಳುಗಾಡಿನಲ್ಲಿರುತ್ತಾರೆ. ಆ ಹುಡುಗಿಗೂ ಗೆಳತಿಯರಿರಲಿಲ್ಲ. ಒಂದೇ ವಾರದಲ್ಲಿ ಡಬ್ಬಿ ಖಾಲಿಯಾಗಿ ಬರತೊಡಗಿತು. ಜಪಾನಿ ಹುಡುಗಿ ನಮ್ಮ ನಿಪ್ಪಟ್ಟನ್ನು ತನ್ನ ದೇಶದ ಯಾವುದೋ ತಿಂಡಿಯ ದೂರದ ಸಂಬಂಧಿ ಎಂದು ತೀರ್ಮಾನಿಸಿ, ವಾರಕ್ಕೊಮ್ಮೆ ಸಂಬಂಧ ವಿಚಾರಿಸಲು ಮನೆಗೇ ಬರುತ್ತಿದ್ದಳು. ಕೋಣೆಯ ಒಳಗಿನಿಂದ ಇಬ್ಬರ ನಗು ಕೇಳಿದ ದಿನ ನನ್ನ ಹೆಂಡತಿ ಆ ಹುಡುಗಿಯ ಹೆಸರು ಹೇಳಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ನಮ್ಮ ಕುಲದೇವರಿಗೆ ಆ ಹೆಸರು ಹೊಸದಿರಬೇಕು.

ಇಷ್ಟರಲ್ಲಿ ನವೆಂಬರ್ ಹತ್ತಿರ ಬಂತು, ಕನ್ನಡ ಸಂಘಕ್ಕೆ ಜೀವ ಬಂತು. ಸಂಘದ ಕಾರ್ಯದರ್ಶಿಗಳು ದುಬೈಯ ಹೋಟೆಲೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುವವರು, ಮಂಗಳೂರಿನ ಕಡೆಯವರು. ಮನೆಯಲ್ಲಿ ಕೊಂಕಣಿ, ಸಂಘದಲ್ಲಿ ಕನ್ನಡ, ಸಿಟ್ಟು ಬಂದರೆ ತುಳು. ಅವರ ಫೋನು ಬಂತು.

"ಸರ್, ಮಕ್ಕಳ ಚರ್ಚಾ ಸ್ಪರ್ಧೆ ಉಂಟು. ಪ್ರತಿ ವರ್ಷ ಮೊಬೈಲ್ ವರವೋ ಶಾಪವೋ ಮಾಡಿ ಮಾಡಿ ಬೊಡಿದು ಹೋಗಿದೆ, ಸಾಕಾಗಿದೆ ಮಾರಾಯ್ರೆ. ಈ ಸಲ ಸ್ವಲ್ಪ ಇಂಟರ್‌ನ್ಯಾಷನಲ್ ಲೆವೆಲ್‌ನಲ್ಲಿ ಮಾಡುವ ಅಂತ. ಯುದ್ಧ ನಿಲ್ಲಿಸ್ಲಿಕ್ಕೆ ಅಣುಬಾಂಬು ಹಾಕಿದ್ದು ಸರಿಯಾ ತಪ್ಪಾ. ಹೇಗೆ ಉಂಟು?"

"ಮಕ್ಕಳಿಗೆ ಭಾರ ಆಗಲ್ವಾ?"

"ಭಾರ ಮಕ್ಕಳಿಗೆ ಎಂತಕ್ಕೆ? ಬರೆಯುದು ನಾವಲ್ವಾ."

ಅದು ನಿಜ. ಸಂಘದ ಮಕ್ಕಳ ಚರ್ಚಾ ಸ್ಪರ್ಧೆಯಲ್ಲಿ ಚರ್ಚೆ ಅಪ್ಪ ಅಮ್ಮಂದಿರದು, ಗಂಟಲು ಮಾತ್ರ ಮಕ್ಕಳದು. ಹಿರಿಯರು ಕನ್ನಡದಲ್ಲಿ ಭಾಷಣ ಬರೆಯುತ್ತಾರೆ, ಆಮೇಲೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಮತ್ತೆ ಬರೆಯುತ್ತಾರೆ, ಮಕ್ಕಳು ಅದನ್ನು ಮಗ್ಗಿಯ ಹಾಗೆ ಉರು ಹೊಡೆಯುತ್ತಾರೆ. ಯಾವ ಸಾಲಿಗೆ ಕೈ ಎತ್ತಬೇಕು, ಎಲ್ಲಿ ಕಣ್ಣು ಅಗಲಿಸಬೇಕು ಎಂಬುದನ್ನೂ ಪಕ್ಕದಲ್ಲೇ ಗುರುತು ಮಾಡಿರುತ್ತದೆ. ತೀರ್ಪುಗಾರರಿಗೆ ಇದು ಗೊತ್ತು. ಅವರ ಮಕ್ಕಳೂ ಹೀಗೆಯೇ ಬೆಳೆದವರು.

ವಿಷಯ ಕೇಳಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಕಾಲೇಜಿನಲ್ಲಿದ್ದಾಗ ಇದೇ ವಿಷಯದ ಮೇಲೆ ಮಾತಾಡಿ ನಾನು ಮೊದಲ ಬಹುಮಾನ ಪಡೆದಿದ್ದೆ. ಸಭಾಂಗಣದ ಕಿಟಕಿಯಿಂದ ಬೀಳುತ್ತಿದ್ದ ಸಂಜೆ ಬೆಳಕು, ಕೊನೆಯ ಸಾಲಿನವರೆಗೂ ಹರಡಿದ ನಿಶ್ಶಬ್ದ, ಎಲ್ಲ ಕಣ್ಣಿಗೆ ಕಟ್ಟಿದಂತಿದೆ. ಊಟದ ಹೊತ್ತಿನಲ್ಲಿ ಇದನ್ನು ವರ್ಣಿಸಿದೆ. ದುರದೃಷ್ಟವೆಂದರೆ ನನ್ನ ಹೆಂಡತಿ ಓದಿದ್ದೂ ಅದೇ ಕಾಲೇಜಿನಲ್ಲಿ.

"ನೀವು ಮಾತಾಡಿದ್ದು ದೂರದರ್ಶನದಿಂದ ಆಗುವ ಹಾನಿ ಅಂತ ಕಣ್ರೀ" ಎಂದಳು. "ಮಧ್ಯದಲ್ಲಿ ಮರೆತುಹೋಗಿ ಥ್ಯಾಂಕ್ಯೂ ಅಂದು ಇಳಿದುಬಿಟ್ರಿ. ಅಣುಬಾಂಬಿನ ಚರ್ಚೆ ಆಗಿದ್ದು ಮುಂದಿನ ವರ್ಷ. ಆವತ್ತು ನೀವು ಗಂಟೆ ಬಾರಿಸೋಕೆ ಕೂತಿದ್ರಿ."

"ಗಂಟೆನಾ?"

"ಟೈಮ್ ಆಯ್ತು ಅಂತ ಬಾರಿಸ್ತಾರಲ್ಲ, ಅದು."

ನನ್ನ ಬಳಿ ಆ ಕಾಲದ ದಿನಚರಿ ಇಲ್ಲ. ಇದ್ದಿದ್ದರೂ ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇರುತ್ತಿರಲಿಲ್ಲ, ಯಾಕೆಂದರೆ ಬರೆದವನು ನಾನೇ. ಆ ಸಂಜೆ ಬೆಳಕು ಮಾತ್ರ ನಿಜವೆಂದು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಟ್ಟೆ.

ಸಂಘದವರು ವಿಡಿಯೋ ಕಾಲಿನಲ್ಲಿ ಚೀಟಿ ಎತ್ತಿದರು. ಮಗಳಿಗೆ ಬಂದದ್ದು 'ಪರ'.

"ಪರ ಅಂದ್ರೆ ಫಾರ್?" ಎಂದಳು. "ಸೋ ಐ ಹ್ಯಾವ್ ಟು ಸೇ ಇಟ್ ವಾಸ್ ಓಕೆ?"

"ಸ್ಪರ್ಧೆಗೋಸ್ಕರ ಅಷ್ಟೇ ಪುಟ್ಟಾ. ಲಾಯರ್‌ಗಳು ಮಾಡಲ್ವಾ?"

ನಾನು ಲ್ಯಾಪ್‌ಟಾಪ್ ತೆಗೆದು ಕೂತೆ.

ನಾನು ಎಚ್.ಆರ್. ವಿಭಾಗದಲ್ಲಿದ್ದೇನೆ. ಕಂಪನಿ ಜನರನ್ನು ಕೆಲಸದಿಂದ ತೆಗೆಯುವಾಗ ಹೋಗುವ ಈಮೇಲುಗಳ ಕರಡು ನನ್ನದೇ. ಅದಕ್ಕೊಂದು ನಡಿಗೆಯಿದೆ. ಮೊದಲು ಪರಿಸ್ಥಿತಿ ಎಷ್ಟು ಕಠಿಣ ಎಂದು ಹೇಳಬೇಕು. ಬೇರೆಲ್ಲ ದಾರಿಗಳನ್ನೂ ನೋಡಿಯಾಯಿತು ಎನ್ನಬೇಕು. ನಿರ್ಧಾರ ತೆಗೆದುಕೊಂಡವರಿಗೆ ಎಷ್ಟು ನೋವಾಗಿದೆ ಎಂದು ಒಂದು ಸಾಲು. ಕೆಲವರು ಹೋಗುವುದರಿಂದ ಬಹಳ ಜನ ಉಳಿಯುತ್ತಾರೆ ಎಂದು ಇನ್ನೊಂದು ಸಾಲು. ಬರೆಯುವವನ ಹೆಸರು ಹೋಗುವವರ ಸಾಲಿನಲ್ಲಿ ಇರಬಾರದು, ಆಗ ಶೈಲಿ ಕೆಡುತ್ತದೆ. ಬಾಂಬಿನ ಪರವಾದ ಭಾಷಣವನ್ನು ನಾನು ಒಂದು ಶನಿವಾರ ಬೆಳಗ್ಗೆ, ಎರಡನೇ ಕಾಫಿ ಆರುವ ಮೊದಲೇ ಮುಗಿಸಿದೆ. ಅಷ್ಟು ಸಲೀಸಾಗಿ ಬಂದದ್ದಕ್ಕೆ ಆಗ ಹೆಮ್ಮೆಯಾಗಿತ್ತು.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಯುದ್ಧ ಮುಂದುವರಿದಿದ್ದರೆ ಜಪಾನಿನ ದಡದಲ್ಲಿ, ಊರೂರಿನಲ್ಲಿ, ಎರಡೂ ಕಡೆಯವರು ಸಾಯುತ್ತಿದ್ದರು. ಆ ದೇಶದ ಸೈನ್ಯ ಹಿಡಿದುಕೊಂಡಿದ್ದ ನಾಡುಗಳಲ್ಲಿ ದಿನವೂ ಸಾಯುತ್ತಲೇ ಇದ್ದರು. ಅವರ ಸೆರೆಶಿಬಿರಗಳಲ್ಲಿ ನಮ್ಮ ಭಾರತದ ಸಿಪಾಯಿಗಳೂ ಇದ್ದರು. ಯುದ್ಧ ಒಂದು ದಿನ ಮೊದಲು ನಿಂತರೂ ಅವರಲ್ಲಿ ಯಾರೋ ಒಬ್ಬ ಮನೆಗೆ ಮರಳುತ್ತಿದ್ದ. ಇಷ್ಟನ್ನೂ ಬರೆದು, ಮರಳಿದ ಆ ಸಿಪಾಯಿಯ ತಾಯಿಯ ಬಾಯಲ್ಲಿ ಒಂದು ಮಾತು ಹಾಕಿ, ಅಲ್ಲಿ ದನಿ ನಡುಗಬೇಕು ಎಂದು ಪಕ್ಕದಲ್ಲಿ ಗುರುತು ಮಾಡಿದೆ.

ಎರಡು ದಿನ ಬಿಟ್ಟು ಕಾರ್ಯದರ್ಶಿಗಳ ಫೋನು ಮತ್ತೆ ಬಂತು. ದನಿ ಈ ಸಲ ಮೆತ್ತಗಿತ್ತು.

"ಸರ್, ನಮ್ಮ ಮಗಳಿಗೆ ವಿರೋಧ ಬಂದಿದೆ. ನಾನು ಬರೆದದ್ದನ್ನು ನೋಡಿ ನನ್ನ ಹೆಂಡತಿ, ಇದೆಂತ ಹೋಟೆಲಿನ ಟೆಂಡರಾ ಅಂತ ಕೇಳಿದ್ಳು. ನೀವು ಒಮ್ಮೆ ಕಣ್ಣಾಡಿಸಿದ್ರೆ ಉಪಕಾರ ಆಗ್ತಿತ್ತು."

ಕಣ್ಣಾಡಿಸಿದೆ. ಅವರ ಹೆಂಡತಿಯ ಮಾತು ಸರಿಯಾಗಿತ್ತು. ಹೊಸದಾಗಿಯೇ ಬರೆದುಕೊಟ್ಟೆ. ಹಾಗೆ ಪರವನ್ನೂ ವಿರೋಧವನ್ನೂ ನಾನೇ ಬರೆದಂತಾಯಿತು. ಇದರಲ್ಲಿ ಒಂದು ಔದಾರ್ಯವಿದೆ ಎಂದು ನನಗೆ ಅನ್ನಿಸಿತ್ತು, ಯಾರಾದರೂ ಅದನ್ನು ಗುರುತಿಸಲಿ ಎಂದೂ ಅನ್ನಿಸಿತ್ತು.

ಆದರೆ ವಿರೋಧದ ಭಾಷಣದಲ್ಲಿ ಒಂದು ಮಾತನ್ನು ನಾನು ಬರೆಯಲಿಲ್ಲ. ಮೊದಲ ಬಾಂಬಿಗೆ ಏನೇ ಸಮರ್ಥನೆ ಕೊಟ್ಟರೂ, ಮೂರೇ ದಿನಕ್ಕೆ ನಾಗಸಾಕಿಯ ಮೇಲೆ ಹಾಕಿದ ಎರಡನೆಯದಕ್ಕೆ ಏನು ಹೇಳುತ್ತೀರಿ? ಮೊದಲನೆಯದರ ಹೊಗೆ ಆರಿ, ಏನಾಯಿತೆಂದು ಅವರಿಗೇ ತಿಳಿಯುವಷ್ಟಾದರೂ ಕಾಯಬಹುದಿತ್ತಲ್ಲ? ಪರ ಮಾತಾಡುವವರ ಕಾಲು ಎಡವುವುದು ಅಲ್ಲಿ. ಅದು ನನಗೆ ಗೊತ್ತಿತ್ತು. ಅದನ್ನು ಬರೆದರೆ ನನ್ನ ಮಗಳು ಸೋಲುತ್ತಾಳೆ ಎಂಬುದೂ ಗೊತ್ತಿತ್ತು. ಆದ್ದರಿಂದ ನಾಗಸಾಕಿಯನ್ನು ಎರಡೂ ಭಾಷಣಗಳಿಂದ ಕೈಬಿಟ್ಟೆ. ಒಂದು ಊರನ್ನು ಅಷ್ಟು ಸುಲಭವಾಗಿ ಅಳಿಸಿದ್ದನ್ನು ಈಗ ಬರೆಯುವಾಗ ಬೆರಳು ಸ್ವಲ್ಪ ತಡೆಯುತ್ತದೆ. ಆಗ ತಡೆಯಲಿಲ್ಲ.

ಸ್ಪರ್ಧೆಗೆ ವಾರವಿರುವಾಗ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಜಪಾನಿ ಗೆಳತಿ ತಾನೂ ದುಬೈಗೆ ಬರುತ್ತೇನೆ ಎಂದಿದ್ದಳಂತೆ. ಇವಳು ರೇಷ್ಮೆ ಲಂಗ ಉಟ್ಟು ವೇದಿಕೆಯ ಮೇಲೆ ನಿಲ್ಲುವುದನ್ನು ನೋಡಬೇಕಂತೆ.

"ಏನ್ ಹೇಳ್ಲಿ? ಶಿ ಆಸ್ಕ್ಡ್ ವಾಟ್ ದ ಟಾಪಿಕ್ ಈಸ್."

"ಶಾಂತಿಯ ಬಗ್ಗೆ ಅಂತ ಹೇಳು" ಎಂದೆ. "ಸುಳ್ಳೇನಲ್ಲ. ಅವಳಿಗೆ ಕನ್ನಡ ಎಲ್ಲಿ ಬರುತ್ತೆ?"

ಹೆಂಡತಿ ಒಗ್ಗರಣೆ ಸೌಟು ಹಿಡಿದೇ ತಿರುಗಿದಳು. "ರೀ, ಬೇಡ. ಆ ಮಗುನ ಕರ್ಕೊಂಡು ಹೋಗೋದೇ ಬೇಡ."

"ಅಯ್ಯೋ, ಬೇಡ ಅಂದ್ರೆ ಯಾಕೆ ಅಂತ ಕೇಳಲ್ವಾ ಅದು? ಬಂದು ಲಂಗ ನೋಡಿ, ಊಟ ಮಾಡಿಕೊಂಡು ಹೋಗುತ್ತೆ. ಲಿಫ್ಟಲ್ಲಿ ನಾವು ಮಾತಾಡಲ್ವಾ, ಯಾರಿಗೆ ಏನು ತಿಳಿಯುತ್ತೆ?"

ಮಗಳು ಒಮ್ಮೆ ನನ್ನ ಮುಖ ನೋಡಿ ಹೋದಳು. ಅವಳಿಗೆ ಮಾತೃಭಾಷೆಯ ಬಗ್ಗೆ ನಾನು ಕಲಿಸಿದ ಪಾಠಗಳಲ್ಲಿ ಇದೊಂದು ಮಾತ್ರ ಚೆನ್ನಾಗಿ ನಾಟಿತು ಎಂದು ಕಾಣುತ್ತದೆ.

ಶನಿವಾರ ಮಧ್ಯಾಹ್ನ ಹೊರಟೆವು. ಸಾಮಾನ್ಯವಾಗಿ ಕಾರಿನಲ್ಲಿ ಕೊನೆಯ ತಾಲೀಮು ಆಗಬೇಕು. ಮಗಳು ಒಪ್ಪಲಿಲ್ಲ. "ಐ ನೋ ಇಟ್" ಎಂದು ಕಿಟಕಿ ಕಡೆ ತಿರುಗಿದಳು. ನಾನು ಅದನ್ನು ಗಂಟಲು ಕಾಪಾಡಿಕೊಳ್ಳುವ ಜಾಣತನ ಎಂದುಕೊಂಡೆ. ಹಿಂದಿನ ಸೀಟಿನಲ್ಲಿ ಗೆಳತಿ ಇವಳ ಬಳೆಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತ, ಪ್ರತಿ ಬಣ್ಣಕ್ಕೂ ಏನಾದರೂ ಅರ್ಥವಿದೆಯೇ ಎಂದು ಕೇಳುತ್ತಿದ್ದಳು. ನನ್ನ ಹೆಂಡತಿ ಇಲ್ಲದ ಅರ್ಥಗಳನ್ನೆಲ್ಲ ಹೇಳುತ್ತ ಬಂದಳು.

ಸಂಘ ಬಾಡಿಗೆಗೆ ಪಡೆದ ಶಾಲೆಯ ಸಭಾಂಗಣ. ಗೆಳತಿ ಮೊದಲ ಸಾಲಿನಲ್ಲಿ ನನ್ನ ಹೆಂಡತಿಯ ಪಕ್ಕ ಕೂತು ಮೊಬೈಲ್ ಎತ್ತಿ ಹಿಡಿದಳು, ವಿಡಿಯೋ ಮಾಡಲು. ಮಗಳ ಹೆಸರು ಕೂಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದದ್ದೂ ಅವಳೇ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದರಿಂದ ತೊಡೆ ತಟ್ಟುತ್ತ.

ಮಗಳು ಸಭೆಗೆ ನಮಸ್ಕರಿಸಿದಳು, ಯುದ್ಧದ ಚಿತ್ರ ಕೊಟ್ಟಳು. ಆಮೇಲೆ ಆ ಸಾಲು ಬಂತು. ಅದಕ್ಕೆ ನಾನು ಬಲಗೈ ಎತ್ತಬೇಕೆಂದು ಗುರುತು ಮಾಡಿದ್ದೆ. "ಹಿರೋಶಿಮಾ" ಎಂದು ಹೇಳಿ ಕೈ ಎತ್ತಿದಳು.

ಕನ್ನಡದಲ್ಲಿ ಆ ಊರಿಗೆ ಬೇರೆ ಹೆಸರಿಲ್ಲ. ಇಷ್ಟು ಸಣ್ಣ ಸಂಗತಿ ನನಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಎಲ್ಲ ಪದಗಳನ್ನೂ ಕನ್ನಡದೊಳಗೆ ಮುಚ್ಚಿಟ್ಟೆನೆಂದು ಹಾಯಾಗಿದ್ದವನಿಗೆ, ಮುಚ್ಚಿಡಲಾಗದ ಪದ ಅದೊಂದೇ ಎಂದು ಗೊತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಮೊಬೈಲ್ ನಿಧಾನವಾಗಿ ಕೆಳಗಿಳಿಯಿತು. ಭಾಷಣದಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತಿತ್ತು, ಒತ್ತಿ ಹೇಳಲೆಂದು ನಾನೇ ಹಾಕಿದ್ದೆ. ನನ್ನ ನೆನಪಿನಲ್ಲಿ ಪ್ರತಿ ಸಲ ಆ ಹೆಸರು ಬಂದಾಗಲೂ ಸಭೆ ಚಪ್ಪಾಳೆ ತಟ್ಟುತ್ತದೆ. ಮಾರನೆಯ ದಿನ ನಾನೇ ಬರೆದಿಟ್ಟಿರುವ ದಿನಚರಿಯ ಪ್ರಕಾರ ಚಪ್ಪಾಳೆ ಬಿದ್ದದ್ದು ಕೊನೆಯಲ್ಲಿ ಮಾತ್ರ. ಯಾವುದನ್ನು ನಂಬಬೇಕೋ ತಿಳಿಯದು. ದಿನಚರಿ ನನ್ನ ಪರವಾಗಿ ಬರೆದದ್ದೂ ಇರಬಹುದು.

ಕಾರ್ಯದರ್ಶಿಗಳ ಮಗಳು ವಿರೋಧ ಮಾತಾಡಿದಳು. ಒಳ್ಳೆಯ ದನಿ, ಸ್ಪಷ್ಟ ಉಚ್ಚಾರ. ಆದರೆ ಹೊಡೆಯಬೇಕಾದ ಜಾಗಕ್ಕೆ ಬಂದಾಗ ಅವಳ ಕೈಯಲ್ಲಿ ಕಲ್ಲೇ ಇರಲಿಲ್ಲ, ನಾನು ಕೊಟ್ಟಿರಲಿಲ್ಲ. ನನ್ನ ಮಗಳಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರು "ತರ್ಕಬದ್ಧ" ಎಂದರು. ನಾನು ಎದ್ದು ನಿಂತು ಕೈಮುಗಿಯಲು ಹೊರಟವನು ಹೇಗೋ ತಡೆದುಕೊಂಡೆ.

ವಾಪಸು ಬರುವಾಗ ಹಿಂದಿನ ಸೀಟಿನಿಂದ ಆ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಅದು ಹಿರೋಶಿಮಾದ ಬಗ್ಗೆಯಾ?

"ಅಬೌಟ್ ಪೀಸ್, ಜನರಲಿ" ಎಂದೆ ನಾನು, ರಸ್ತೆಯಿಂದ ಕಣ್ಣು ತೆಗೆಯದೆ.

"ಅಪ್ಪಾ, ಸ್ಟಾಪ್" ಎಂದಳು ಮಗಳು. ಬ್ರೇಕು ಒತ್ತಬೇಕಾದ ಸ್ಟಾಪ್ ಅಲ್ಲ ಎಂದು ನನಗೆ ಅರ್ಥವಾಯಿತು. ಆಮೇಲೆ ಅವಳು ಗೆಳತಿಗೆ ಹೇಳಿದಳು, ಹೌದು, ಹಿರೋಶಿಮಾದ ಬಗ್ಗೆ, ಬಾಂಬು ಹಾಕಿದ್ದು ಸರಿ ಎಂದು ನಾನು ಹೇಳಬೇಕಿತ್ತು, ಹೇಳಿದೆ.

ಗೆಳತಿ ಹೇಳಿದ್ದು ಇಷ್ಟೇ: ಯಾರೂ ನಾಗಸಾಕಿ ಅನ್ನಲಿಲ್ಲ, ನಾನು ಕಾಯುತ್ತಿದ್ದೆ, ನನ್ನ ಅಮ್ಮ ಆ ಊರಿನವರು.

ಆಮೇಲೆ ಅಲ್ ರೀಮ್ ಬರುವವರೆಗೆ ನನ್ನ ಹೆಂಡತಿ ನನ್ನ ಕಡೆ ನೋಡಲಿಲ್ಲ. ಲಿಫ್ಟಿನಲ್ಲಿ ನಾಲ್ವರೂ ಇದ್ದೆವು. ಕನ್ನಡದಲ್ಲಿ ಒಂದು ಮಾತೂ ಬರಲಿಲ್ಲ.

ಸೋಮವಾರ ಮಗಳು ಬಸ್ಸಿನಿಂದ ಒಬ್ಬಳೇ ಇಳಿದಳು. ಗೆಳತಿ ಬಸ್ಸಿನಲ್ಲಿ ಮುಂದೆ, ಚಿಕ್ಕ ಮಕ್ಕಳ ಜೊತೆ ಕೂತಿದ್ದಳಂತೆ. ಮಂಗಳವಾರವೂ ಹಾಗೆಯೇ. ಊಟದ ಡಬ್ಬಿ ತೆರೆಯದೆಯೇ ಬಂತು. ಹೆಂಡತಿ ಅದನ್ನು ನನ್ನ ಮುಂದಿಟ್ಟು "ನೀವೇ ತಿನ್ನಿ, ತರ್ಕಬದ್ಧವಾಗಿದೆ" ಎಂದಳು. ತಿಂದೆ. ಪುಳಿಯೋಗರೆ ಆರಿ ಕಲ್ಲಾಗಿತ್ತು.

ಬುಧವಾರ ಕಾರ್ಯದರ್ಶಿಗಳ ಫೋನು. ಸಂಘದಲ್ಲಿ ಇನ್ನೊಂದು ಪದ್ಧತಿಯಿದೆ: ಗೆದ್ದ ಮಕ್ಕಳು ರಾಜ್ಯೋತ್ಸವದ ಮುಖ್ಯ ಸಮಾರಂಭದಲ್ಲಿ ಅದೇ ಭಾಷಣವನ್ನು ಇನ್ನೊಮ್ಮೆ ಒಪ್ಪಿಸಬೇಕು, ಊರಿನಿಂದ ಬಂದ ಮುಖ್ಯ ಅತಿಥಿಗಳು ಗಲ್ಫಿನ ಮಕ್ಕಳ ಕನ್ನಡ ಕೇಳಿ ಕಣ್ಣೊರೆಸಿಕೊಳ್ಳಬೇಕು. "ಆಹ್ವಾನ ಪತ್ರಿಕೆಯಲ್ಲಿ ಹಾಕಿ ಆಯ್ತು ಸರ್" ಎಂದರು.

ಮಗಳು ಆಗುವುದಿಲ್ಲ ಎಂದಳು.

"ಒಂದೇ ಸಲ ಪುಟ್ಟಾ. ಇದು ಬರೀ ಸ್ಪರ್ಧೆಯ ಮಾತು ಅಂತ ಎಲ್ಲರಿಗೂ ಗೊತ್ತು."

"ಡು ಯು ಥಿಂಕ್ ಇಟ್ ವಾಸ್ ರೈಟ್? ಎಸ್ ಆರ್ ನೋ."

"ನೋಡು, ಇದನ್ನ ಎರಡು ಕಡೆಯಿಂದಲೂ ನೋಡಬೇಕಾಗುತ್ತೆ. ಆ ಕಾಲದ ಪರಿಸ್ಥಿತಿ..."

"ಅಪ್ಪಾ. ಯೂ ಆರ್ ಡೂಯಿಂಗ್ ಎಚ್.ಆರ್."

ಹೆಂಡತಿ ಆಚೆಯ ಕೋಣೆಯಲ್ಲಿ ನಕ್ಕದ್ದು ಕೇಳಿಸಿತು.

"ಆ ಅಂಕಲ್ ಮಗಳಿಗೂ ನೀನೇ ಬರ್ದಿದ್ದು" ಎಂದಳು ಮಗಳು. "ಅವಳು ನನಗೆ ಹೇಳಿದ್ಳು. ಸೋ ವೈ ಡಿಡಂಟ್ ಶಿ ಸೇ ನಾಗಸಾಕಿ?"

"ಅವಳು ಹೇಳಿದ್ದರೆ ನೀನು ಸೋಲ್ತಿದ್ದೆ" ಎಂದೆ.

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾಗದೆ ಸೋಫಾದ ಮೇಲೆ ಕಾಲು ಮಡಿಸಿ ಕೂತು, ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ಈ ಸಲ ಕನ್ನಡದಲ್ಲಿ. "ಸರಿನಾ, ತಪ್ಪಾ?"

ವಿಚಿತ್ರವೆಂದರೆ, ಎರಡು ಭಾಷಣ ಬರೆದಿದ್ದರೂ ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಹೇಳತೊಡಗಿದಾಗ ಏನು ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಎರಡನೇದು ತಪ್ಪು. ಅದರಲ್ಲಿ ನನಗೆ ಅನುಮಾನ ಇಲ್ಲ. ಮೊದಲನೇದೂ ತಪ್ಪು ಅಂತಲೇ ಅನ್ಸುತ್ತೆ. ಕೆಳಗಿದ್ದವರು ಸೈನ್ಯದವರಲ್ಲ, ನಮ್ಮಂಥವರು, ಬೆಳಗ್ಗೆ ಶಾಲೆಗೆ, ಆಫೀಸಿಗೆ ಹೊರಟವರು. ಮುಂದೆ ಯಾರೋ ಸಾಯ್ತಾರೆ ಅನ್ನೋ ಲೆಕ್ಕ ತೋರಿಸಿ ಇವತ್ತು ಇವರನ್ನ ಕೊಲ್ಲೋಕಾಗಲ್ಲ. ಆದರೆ ಆವತ್ತು ಸೆರೆಶಿಬಿರದಲ್ಲಿ ಹಸಿದುಕೊಂಡು ಬಿದ್ದಿದ್ದ ಸಿಪಾಯಿ ನಾನಾಗಿದ್ದಿದ್ರೆ, ಯುದ್ಧ ಮುಗೀತು ಅಂದಾಗ ಹೇಗೆ ಮುಗೀತು ಅಂತ ಕೇಳ್ತಿರಲಿಲ್ಲ. ಕುಣಿದುಬಿಡ್ತಿದ್ದೆ. ಕುಣಿದವರನ್ನ ತಪ್ಪು ಅನ್ನೋಕೂ ನನಗೆ ಬಾಯಿ ಬರಲ್ಲ."

ಮಗಳು ಸ್ವಲ್ಪ ಯೋಚಿಸಿದಳು. "ಇದನ್ನ ಯಾಕೆ ಬರೀಲಿಲ್ಲ?"

"ಇದಕ್ಕೆ ಪ್ರೈಜ್ ಬರಲ್ಲ."

"ಹೂಂ" ಎಂದಳು. ಆಮೇಲೆ, "ಕೆಳಗೆ ಬಾ. ಅವಳಿಗೆ ಹೇಳು, ನೀನು ಬರ್ದಿದ್ದು ಅಂತ."

ಕ್ಷಮೆ ಕೇಳುವುದನ್ನು ಮೊಬೈಲಿನಲ್ಲಿ ಎರಡು ಸಾಲು ಬರೆದುಕೊಳ್ಳುತ್ತೇನೆ ಎಂದೆ. "ಬೇಡ, ನೀನು ಚೆನ್ನಾಗಿ ಬರ್ದುಬಿಡ್ತೀಯ" ಎಂದು ಮೊಬೈಲ್ ಕಿತ್ತುಕೊಂಡಳು. ಹೆಂಡತಿ ಒಂದು ಡಬ್ಬಿ ನಿಪ್ಪಟ್ಟು ತಂದು ಕೊಡಹೋದಳು, ಮಗಳು ಅದನ್ನೂ ಬೇಡ ಎಂದಳು. ಬರಿಗೈಯಲ್ಲಿ ಇಳಿದೆವು.

ಗೆಳತಿಯ ಅಮ್ಮ ಬಾಗಿಲು ತೆರೆದರು. ಚಪ್ಪಲಿ ಹೊರಗೆ ಬಿಡುವುದು ನಮ್ಮ ಹಾಗೆಯೇ. ಅಷ್ಟು ಪರಿಚಿತ ಸಂಗತಿಯಿಂದ ಧೈರ್ಯ ಬಂದು ನಾನು ಕೂರುವ ಮೊದಲೇ ಇಂಗ್ಲಿಷಿನಲ್ಲಿ ಹೇಳಿದೆ: ಭಾಷಣ ನನ್ನದು, ಎರಡೂ ಕಡೆಯದು ನನ್ನದು, ನಾಗಸಾಕಿಯನ್ನು ಬಿಟ್ಟದ್ದು ನಾನು, ಶಾಂತಿಯ ಬಗ್ಗೆ ಎಂದು ಹೇಳಿಸಿದ್ದೂ ನಾನು. ಸುಂದರವಾಗಿ ಹೇಳಲು ಸಮಯ ಸಿಗಲಿಲ್ಲ. ಆ ತಾಯಿ ತಲೆಬಾಗಿಸಿ ಕೇಳಿ ಚಹಾ ತರಲು ಒಳಗೆ ಹೋದರು. ಅದು ಒಪ್ಪಿಗೆಯೋ, ನನ್ನ ಮುಖ ನೋಡಲು ಇಷ್ಟವಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹುಡುಗಿ ಮಾತ್ರ ನನ್ನನ್ನು ಬಿಟ್ಟು ಮಗಳನ್ನೇ ನೋಡುತ್ತಿದ್ದಳು. ಅವಳ ಹಿಂದಿನ ಶಾಲೆಯಲ್ಲಿ ಇದೇ ವಿಷಯ ಬಂದಿತ್ತಂತೆ. ಅವಳಿಗೂ 'ಪರ'ವೇ ಬಂದಿತ್ತಂತೆ, ಮಾತಾಡಿದ್ದಳಂತೆ. ಭಾಷಣಕ್ಕೆ ತನಗೆ ಸಿಟ್ಟಿಲ್ಲ ಎಂದಳು. "ಯು ಟೋಲ್ಡ್ ಮಿ ಪೀಸ್" ಎಂದಳು. ಅಮ್ಮನಿಗೂ ತಾನು ಹಾಗೆಯೇ ಹೇಳಿಬಿಟ್ಟಿದ್ದೆ, ಅಮ್ಮನಿಗೆ ತೋರಿಸಲೆಂದೇ ವಿಡಿಯೋ ಮಾಡುತ್ತಿದ್ದೆ, ಮನೆಗೆ ಬಂದಾಗ ಅಮ್ಮ ಎಲ್ಲಿ ತೋರಿಸು ಎಂದು ಕೂತರು ಎಂದಳು. ಇಷ್ಟು ಹೇಳುವಾಗ ಅವಳ ದನಿ ನಡುಗಿತು. ಯಾರೂ ಪಕ್ಕದಲ್ಲಿ ಗುರುತು ಮಾಡಿರಲಿಲ್ಲ.

ಮಗಳು ನೆಲದ ಮೇಲೆ ಅವಳ ಪಕ್ಕ ಹೋಗಿ ಕೂತಳು. ವೇದಿಕೆಯಲ್ಲಿ ತಾನು ಹೇಳಿದ್ದನ್ನೆಲ್ಲ ಈಗ ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದು ಶುರು ಮಾಡಿದಳು. ನನ್ನ ಭಾಷಣ ಇಂಗ್ಲಿಷಿಗೆ ಬಂದಾಗ ತೀರಾ ಚಿಕ್ಕದಾಗಿತ್ತು. ನಾನು ಪುಟಗಟ್ಟಲೆ ಕಟ್ಟಿದ್ದು ಅವಳ ಬಾಯಲ್ಲಿ "ಹಿ ಸೇಸ್ ಮೋರ್ ಪೀಪಲ್ ವುಡ್ ಹ್ಯಾವ್ ಡೈಡ್" ಎಂಬ ಒಂದು ಸಾಲಾಯಿತು. ಗೆಳತಿ ನಡುನಡುವೆ ಪ್ರಶ್ನೆ ಕೇಳಿದಳು, ಕೆಲವಕ್ಕೆ ಮಗಳು ಗೊತ್ತಿಲ್ಲ ಎಂದಳು. ಒಂದಕ್ಕೆ ನಾನು ಉತ್ತರ ಕೊಡಲು ಬಾಯಿ ತೆರೆದೆ, ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು, ಚಹಾ ಕುಡಿದೆ. ಹಾಲಿಲ್ಲದ, ಸಕ್ಕರೆಯಿಲ್ಲದ ಹಸಿರು ಚಹಾ. ಇನ್ನೊಂದು ಬಟ್ಟಲು ಕೊಟ್ಟರು, ಅದನ್ನೂ ಕುಡಿದೆ.

ಮಾರನೆಯ ದಿನ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಕಡೆಯೇ ಕೂತರಂತೆ. ಅದರ ಮಾರನೆಯ ದಿನ ಒಂದೇ ಸೀಟಿನಲ್ಲಿ ಕೂತರೂ ಹೆಚ್ಚೇನೂ ಮಾತಾಡಲಿಲ್ಲವಂತೆ. ಡಬ್ಬಿ ಅರ್ಧ ಖಾಲಿಯಾಗಿತ್ತು. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

ಶುಕ್ರವಾರ ಸಂಜೆ, ಸಮಾರಂಭದ ಹಿಂದಿನ ದಿನ, ಕಾರ್ಯದರ್ಶಿಗಳು ಸಮಯ ತಿಳಿಸಲು ಫೋನು ಮಾಡಿದರು. ನಾನು ಅವರಿಗೆ ಇನ್ನೂ ವಿಷಯ ಹೇಳಿರಲಿಲ್ಲ. ಮಗಳಿಗೆ ಗಂಟಲು ಕಟ್ಟಿದೆ, ಜ್ವರದ ಲಕ್ಷಣವಿದೆ ಎಂದು ಹೇಳಲು ಒಂದು ಕರಡು ಸಿದ್ಧವಿತ್ತು. "ನೋಡಿ, ಇವಳಿಗೆ ಬೆಳಗ್ಗಿನಿಂದ..." ಎನ್ನುವಷ್ಟರಲ್ಲಿ ಮಗಳು ಬಂದು ಫೋನಿಗೆ ಕೈ ಚಾಚಿದಳು. ಕೊಟ್ಟೆ. ಅವಳು ಸ್ಪೀಕರ್ ಹಾಕಿದಳು.

"ಅಂಕಲ್, ನಾನು ನಾಳೆ ಮಾತಾಡಲ್ಲ."

"ಎಂತ ಮಗಾ, ಹುಷಾರಿಲ್ವಾ?"

"ಹುಷಾರಿದೀನಿ. ಅದು... ನಾನು ಹೇಳಿದ್ದು ನನಗೆ ಸರಿ ಅನ್ಸಲ್ಲ. ನನ್ನ ಫ್ರೆಂಡ್‌ಗೆ ಬೇಜಾರ್ ಆಯ್ತು. ಮತ್ತೆ ನಾಗಸಾಕಿ ಯಾರೂ ಹೇಳ್ಲಿಲ್ಲ. ಅದು ದೊಡ್ಡ ತಪ್ಪು. ಪ್ರೈಜ್ ವಾಪಸ್ ಕೊಡ್ಬೇಕಾ?"

ಹೋಟೆಲಿನ ಗದ್ದಲದ ನಡುವಿನಿಂದ ಅವರ ದನಿ ಬಂತು.

"ಪ್ರೈಜೆಲ್ಲ ಬೇಡ ಮಗಾ, ಇಟ್ಕೋ. ಅದು ಸ್ಟೀಲ್ ಡಬ್ಬಿ, ಅಮ್ಮನಿಗೆ ಆಗ್ತದೆ. ಆಯ್ತು, ನಾಳೆ ಆ ಟೈಮಿಗೆ ಒಂದು ಡ್ಯಾನ್ಸ್ ಹಾಕುವ. ಅಪ್ಪನಿಗೆ ಕೊಡು."

ನಾನು ಫೋನು ತೆಗೆದುಕೊಂಡು ಕ್ಷಮೆಯ ಮಾತು ಹುಡುಕುತ್ತಿದ್ದೆ. ಅವರೇ ಮೊದಲು ಮಾತಾಡಿದರು.

"ಸರ್, ಒಂದು ಕೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ. ಅವಳು ಈಗ ಹೇಳಿದ್ದು, ಅದನ್ನು ನೀವು ಬರ್ದು ಕೊಟ್ಟದ್ದಲ್ಲ ಅಲ್ವಾ?"

"ಅಲ್ಲ."

"ಹಾಗಾದ್ರೆ ಅವಳಿಗೆ ಕನ್ನಡ ಬರ್ತದಲ್ಲ ಮಾರಾಯ್ರೆ. ಮತ್ತೆ ನೀವು ಎಂತಕ್ಕೆ ಬರೆಯುದು?"